ಮೂರು ತೊಟ್ಟಿ

ಆ ಊರಲ್ಲಿ ಬೀದಿಯಂಚಿಗೇ ನೀರು ಹುಟ್ಟುತ್ತದೆ.
ಕಲ್ಲಿನ ಮೂರು ತೊಟ್ಟಿ, ಒಂದಕ್ಕಿಂತ ಒಂದು ಗೇಣು ತಗ್ಗು.
ಮೊದಲನೆಯದು ಕುಡಿಯಲಿಕ್ಕೆ,
ಎರಡನೆಯದರಲ್ಲಿ ಮೂಲಂಗಿ ತೊಳೆಯುವುದು,
ಮೂರನೆಯದು ಬೂಟಿಗೆ, ಗುದ್ದಲಿಗೆ, ಮೊಣಕಾಲಿನ ಕೆಸರಿಗೆ.
ಆಮೇಲೆ ಗದ್ದೆ.

ಬಿದಿರಿನ ಸೌಟೊಂದು ಮಗುಚಿಟ್ಟಿತ್ತು.
ನಾನು ಮೊದಲು ಹುಡುಕಿದ್ದು ಅದರ ಸರಪಳಿ,
ನಮ್ಮ ಬ್ಯಾಂಕಿನ ಪೆನ್ನಿಗಿರುವಂಥದ್ದು.
ಇರಲಿಲ್ಲ.

ದುಭಾಷಿ ನಾನು. ಬಿಡದಿಯ ಕಾರ್ಖಾನೆಯವರ ಜೊತೆ ಹೋದವಳು.
ನಾಲ್ಕು ದಿನ ಬೋಲ್ಟು, ಬೇರಿಂಗು, ನಮಸ್ಕಾರ, ಮತ್ತೆ ಬೋಲ್ಟು.
ಐದನೆಯ ದಿನ ಮೇಲಧಿಕಾರಿ ತನ್ನ ತಾಯಿಯ ಊರು ತೋರಿಸಿದ.
ಫುಮಿಯೆ ಅಜ್ಜಿ, ಎಂಬತ್ತಾರು,
ಬೆನ್ನು ಇವತ್ತಿಗೂ ನಾಟಿಯ ಕಡೆಗೇ ಬಗ್ಗಿದೆ.
ಸೌಟು ನನ್ನ ಕೈಗೆ ಕೊಟ್ಟು ಕೇಳಿದರು:
ನಿಮ್ಮೂರಿಗೆ ನೀರು ಎಲ್ಲಿಂದ?

ಮಾತು ದಾಟಿಸುವುದೇ ನನ್ನ ಹೊಟ್ಟೆಪಾಡು, ಆದರೂ ತಡವರಿಸಿದೆ.
ನೂರು ಕಿಲೋಮೀಟರ್ ಆಚೆಯಿಂದ, ಅಂದೆ,
ಏರು ಹತ್ತಿಸಿ ತರುತ್ತಾರೆ. ಬಾರದ ದಿನ ಟ್ಯಾಂಕರ್.
ಟ್ಯಾಂಕರಿಗೆ?
ನೆಲದಿಂದ. ಸಾವಿರದ ಇನ್ನೂರು ಅಡಿಯಿಂದ.
'ಹೋ...' ಅಂದರು ಅಜ್ಜಿ.
ಆ ಭಾಷೆಯಲ್ಲಿ ಆ 'ಹೋ'ಗೆ ಹನ್ನೊಂದು ಅರ್ಥ.
ಜೊತೆಗಿದ್ದ ನಮ್ಮ ಇಂಜಿನಿಯರಿಗೆ ಒಂದನ್ನೂ ಹೇಳಲಿಲ್ಲ.

ಹಾಗಾದರೆ ನಿಮ್ಮೂರಲ್ಲಿ ನೀರು ಹುಟ್ಟುವುದೇ ಇಲ್ಲವೇ?

ಹುಟ್ಟುತ್ತದೆ, ಅಜ್ಜಿ.
ಬಸವನಗುಡಿಯಲ್ಲಿ ಬಸವನ ಪಾದದಡಿ ಅನ್ನುತ್ತಾರೆ.
ಹೆಸರೂ ಇದೆ, ವೃಷಭಾವತಿ.
ನಾಯಂಡಹಳ್ಳಿಯಲ್ಲಿ ನನ್ನ ಬಾಡಿಗೆಮನೆಯ
ಹಿಂಬದಿ ಕಿಟಕಿಯ ಕೆಳಗೇ ಹರಿಯುತ್ತಾಳೆ.
ಅದಕ್ಕೇ ಆ ಕಿಟಕಿ ತೆಗೆಯುವುದಿಲ್ಲ.
ಇಷ್ಟೂ ಕನ್ನಡದಲ್ಲೇ ಉಳಿಯಿತು.
'ಇದೆ, ಚಿಕ್ಕದು' ಅಂದೆ.

ರಾತ್ರಿ ಹಾಸಿಗೆಯ ಕೆಳಗೆಲ್ಲೋ ಹರಿಯುವ ಸದ್ದು.
ನಲ್ಲಿ ನಿಲ್ಲಿಸಲೆಂದು ಎರಡು ಸಲ ಎದ್ದೆ.

ಅಜ್ಜಿ ತುಂಬಿಕೊಟ್ಟ ಬಾಟಲಿ ಸ್ವೆಟರಿನಲ್ಲಿ ಸುತ್ತಿಕೊಂಡು
ಸೋರದೆ ಬಂತು ನಮ್ಮೂರಿಗೆ.
ಬೆಳಗಿನ ಐದೂವರೆ. ಹಿಮ್ಮುಖವಾಗಿ ಬರುವ ಟ್ಯಾಂಕರಿನ ಕುಂಯ್ ಕುಂಯ್.
ಪುಟ್ಟಮಾದ ಸಂಪಿಗೆ ಪೈಪು ಇಳಿಬಿಟ್ಟು
ಮೊಬೈಲು ನೋಡುತ್ತಿದ್ದ.
ಕುಡಿ ಅಂದೆ, ಜಪಾನಿನದು, ಒರತೆ ನೀರು.
ಬಾಯಿ ತಾಗಿಸದೆ ಎತ್ತಿ ಹೊಯ್ದುಕೊಂಡ.
ಗಂಟಲ ಗುಣ್ಣೆ ಮೂರು ಸಲ ಏರಿಳಿಯಿತು. ಕಾದೆ.

'ಸಪ್ಪೆ ಕಣಕ್ಕ' ಅಂದ.
'ನೀರಂದ್ರೆ ನಾಲಿಗೆಗೆ ಒಸಿ ಗೊತ್ತಾಗ್ಬೇಕು.'
ಆಮೇಲೆ ಪೈಪು ಸುತ್ತುತ್ತ, ನನ್ನ ಕಡೆ ನೋಡದೆ,
'ನಮ್ ತಾತ ಗಾಳಿ ಆಂಜನೇಯನ ಗುಡಿ ತಾವ
ಇದೇ ಹೊಳೇಲಿ ಕೊತ್ತಂಬ್ರಿ ತೊಳ್ದು ಪ್ಯಾಟೆಗೆ ಹಾಕ್ತಿತ್ತು.'

ಹಾಗಾದರೆ ಅದು ಎರಡನೆಯ ತೊಟ್ಟಿ.
ಬಸವನ ಪಾದದ್ದು ಮೊದಲನೆಯದು.
ನನ್ನ ಕಿಟಕಿಯ ಕೆಳಗಿನದು?
ಬೂಟು ತೊಳೆಯುವ ಕಡೆಯ ತೊಟ್ಟಿಯನ್ನೇ ನಾವು
ಮೇಲಕ್ಕೆ, ಮೇಲಕ್ಕೆ ಎಳೆದುಕೊಂಡು ಹೋದೆವೇನೋ,
ಬಸವನ ಬಾಲದವರೆಗೆ.
ಆಮೇಲೆ ಗದ್ದೆ, ಇಲ್ಲೂ ಅಷ್ಟೇ:
ಬೈರಮಂಗಲದ ಕಡೆ ನೊರೆ ನೀರು ಕುಡಿದ ಸೊಪ್ಪು
ಕಟ್ಟಿಗೆ ಇಪ್ಪತ್ತರಂತೆ ನನ್ನ ಚೀಲಕ್ಕೇ ಬರುತ್ತದೆ.

ಅಜ್ಜಿಗೆ ಪತ್ರ ಬರೆಯಲು ಕೂತೆ.
'ಸಪ್ಪೆ'ಗೆ ನಾಲ್ಕು ಪದ ನೋಡಿದೆ, ನಾಲ್ಕೂ ಅತಿ ಮರ್ಯಾದೆಯವು.
ಗೆಳೆಯರೊಬ್ಬರು ಕುಡಿದರು, ತುಂಬ ಮೆಚ್ಚಿದರು,
ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದೆ.
ಕೆಳಗೆ ಇನ್ನೊಂದು ಸಾಲು:
ಅವತ್ತು ನಮ್ಮ ಹೊಳೆ ಚಿಕ್ಕದು ಅಂದಿದ್ದೆ.
ಚಿಕ್ಕದಲ್ಲ.

ಮುಂದಿನದಕ್ಕೆ ಪದ ಹೊಳೆಯದೆ
ಹಿಂಬದಿ ಕಿಟಕಿಯ ಚಿಲಕದ ಮೇಲೆ ಬೆರಳಿಟ್ಟು ನಿಂತೆ.
ಮೆಟ್ರೊ ಹೋಯಿತು. ಇನ್ನೊಂದೂ ಹೋಯಿತು.